ಜೇಬಿನಲ್ಲಿ ಒಯ್ಯುವ ಗಣಕ: ಪೆನ್ ಡ್ರೈವ್ ಆಯ್ಕೆಯ ವಿಚಾರ

ಗಣಕಯಂತ್ರದ ಎಲ್ಲ ಭಾಗಗಳನ್ನೂ ಕೆಲಸಕ್ಕೆ ಹಚ್ಚುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಇದು ಯಂತ್ರದ ಒಳಗಿನ ಹಾರ್ಡ್ ಡಿಸ್ಕ್‌ನಲ್ಲಿಯೇ ನೆಲೆಸಿರಬೇಕೆಂಬ ನಿಯಮವೇನೂ ಇಲ್ಲ. ಜರ್ಮನಿಯ ಕ್ಲಾಸ್ ನಾಪರ್ ಅವರು 2000ನೆಯ ಇಸವಿಯಲ್ಲಿ ಸಿದ್ಧಪಡಿಸಿದ ನಾಪಿಕ್ಸ್ ಎಂಬ ಲಿನಕ್ಸ್ ವ್ಯವಸ್ಥೆಯು ಒಂದು ಸಿ.ಡಿ.ಯಿಂದಲೇ ಪೂರ್ಣವಾಗಿ ನಡೆಯುತ್ತಿತ್ತು. ಹಾರ್ಡ್ ಡಿಸ್ಕನ್ನು ಅದು ಮುಟ್ಟುತ್ತಲೂ ಇರಲಿಲ್ಲ. ಅದೇ ವರ್ಷ ಮಾರುಕಟ್ಟೆಗೆ ಬಂದ ಪೆನ್ ಡ್ರೈವ್‌ಗಳಲ್ಲಿ ಹಿಡಿಯುತ್ತಿದ್ದುದು ಎಂಟು ಮೆಗಾಬೈಟ್‌ನಷ್ಟು ಮಾಹಿತಿ. ಇಂದು ಅದೇ ಗಾತ್ರದ ಕಡ್ಡಿಯಲ್ಲಿ ಇಡೀ ಕಾರ್ಯಾಚರಣ ವ್ಯವಸ್ಥೆ, ಬರೆಯುವ ತಂತ್ರಾಂಶ, ಸ್ವಂತ ಕಡತಗಳು ಎಲ್ಲವೂ ಅಡಗುತ್ತವೆ.

ಇದರ ಪ್ರಯೋಜನ ಯಾರಿಗೆ ಎಂಬ ಪ್ರಶ್ನೆ ಸಹಜ. ಮುಂಬಯಿ, ಪುಣೆ, ದೆಹಲಿಯಂತಹ ನಗರಗಳಲ್ಲಿ ಒಂದೇ ಗಣಕವನ್ನು ಮನೆಮಂದಿಯೆಲ್ಲ ಹಂಚಿಕೊಂಡು ಬಳಸುವುದುಂಟು. ವಸತಿಗೃಹದ ವಿದ್ಯಾರ್ಥಿಗಳು ಗ್ರಂಥಾಲಯದ ಯಂತ್ರವನ್ನು ಅವಲಂಬಿಸುತ್ತಾರೆ. ಇಂತಹ ಕಡೆ ಕನ್ನಡಿಗರಿಗೆ ಇನ್ನೊಂದು ತೊಡಕೂ ಇದೆ: ಕನ್ನಡದಲ್ಲಿ ಬೆರಳಚ್ಚು ಮಾಡುವ ಏರ್ಪಾಡು ಆ ಯಂತ್ರಗಳಲ್ಲಿ ಇರುವುದಿಲ್ಲ, ಅಳವಡಿಸಲು ಅನುಮತಿಯೂ ಸಿಗುವುದಿಲ್ಲ. ಕನ್ನಡದ ಅಕ್ಷರ ಶೈಲಿಗಳನ್ನೂ ಇನ್‌ಸ್ಕ್ರಿಪ್ಟ್ ಅಥವಾ ಕಗಪ ಕೀಲಿಮಣೆಯನ್ನೂ ಅಳವಡಿಸಿದ ಸ್ವಂತ ವ್ಯವಸ್ಥೆ ಜೇಬಿನಲ್ಲಿದ್ದರೆ ಯಾವ ಊರಿನ ಯಂತ್ರವೂ ಕನ್ನಡ ಯಂತ್ರವಾಗುತ್ತದೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಕೇಂದ್ರದಲ್ಲಿ ರೂಪುಗೊಂಡು 2007ರಲ್ಲಿ ಮೊದಲು ಬಿಡುಗಡೆಯಾದ ‘ಬಾಸ್’ ಎಂಬ ಲಿನಕ್ಸ್ ವ್ಯವಸ್ಥೆಯಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಸ್ಥಾನವಿದೆ. ಹಾರ್ಡ್ ಡಿಸ್ಕ್ ಕೆಟ್ಟು ನಿಂತ ಯಂತ್ರದಲ್ಲಿಯೂ ಪೆನ್ ಡ್ರೈವ್‌ನಿಂದ ಕೆಲಸ ಮುಂದುವರಿಸಬಹುದೆಂಬುದು ಸಣ್ಣ ಅನುಕೂಲವೇನಲ್ಲ.

ಆದರೆ ಕೈಗೆ ಸಿಕ್ಕಿದ ಪೆನ್ ಡ್ರೈವ್ ಈ ಕೆಲಸಕ್ಕೆ ಒದಗುವುದಿಲ್ಲ. ಹಾಡು, ಚಿತ್ರಗಳನ್ನು ತುಂಬಲು ಚೆನ್ನಾಗಿಯೇ ಇರುವ ಸಾಧನವು ಕಾರ್ಯಾಚರಣ ವ್ಯವಸ್ಥೆಯ ಭಾರ ಬಿದ್ದೊಡನೆ ಏದುಸಿರು ಬಿಡುತ್ತದೆ. ಇದರ ಕಾರಣವನ್ನು ತಿಳಿದರೆ ಆಯ್ಕೆ ಅರ್ಧ ಮುಗಿದಂತೆ.

ಪೊಟ್ಟಣದ ಮೇಲೆ ಅಚ್ಚಾಗಿರುವ ವೇಗವು ಒಂದು ದೊಡ್ಡ ಕಡತವನ್ನು ಸತತವಾಗಿ ಓದುವ ವೇಗ. ಅಂಚೆಯವನು ಒಂದು ದೊಡ್ಡ ಮೂಟೆಯನ್ನು ಒಂದೇ ಮನೆಗೆ ತಲುಪಿಸಿದಂತೆ ಅದು. ಕಾರ್ಯಾಚರಣ ವ್ಯವಸ್ಥೆಯ ಕೆಲಸವೋ ಸಾವಿರ ಕಾಗದಗಳನ್ನು ಸಾವಿರ ಮನೆಗಳಿಗೆ ಹಂಚುವ ಬಗೆಯದು. ನಾಲ್ಕು ಕಿಲೋಬೈಟ್‌ನಷ್ಟು ಚಿಕ್ಕ ಚಿಕ್ಕ ತುಣುಕುಗಳನ್ನು ಅದು ಎಲ್ಲೆಲ್ಲಿಂದಲೋ ಓದುತ್ತದೆ, ಎಲ್ಲೆಲ್ಲಿಯೋ ಬರೆಯುತ್ತದೆ. ಸೆಕೆಂಡಿಗೆ ನೂರು ಮೆಗಾಬೈಟ್ ಓದುವೆನೆಂದು ಸಾರುವ ಅಗ್ಗದ ಸಾಧನವೂ ಇಂತಹ ಚೆದುರಿದ ಬರವಣಿಗೆಯಲ್ಲಿ ಒಂದು ಮೆಗಾಬೈಟನ್ನೂ ಮುಟ್ಟದೆ ಇರಬಹುದು. ಪೊಟ್ಟಣದ ಮೇಲೆ ಈ ಸಂಖ್ಯೆ ಸಾಮಾನ್ಯವಾಗಿ ಇರುವುದೇ ಇಲ್ಲ. ಮೈಕ್ರೋಸಾಫ್ಟ್ ಸಂಸ್ಥೆಯು 2012ರಲ್ಲಿ ‘ವಿಂಡೋಸ್ ಟು ಗೋ’ ಎಂಬ ಒಯ್ಯಬಲ್ಲ ವ್ಯವಸ್ಥೆಯನ್ನು ತಂದಾಗ, ಚೆದುರಿದ ಓದು-ಬರಹದಲ್ಲಿ ಸಮರ್ಥವಾದ, ಕನಿಷ್ಠ 32 ಗಿಗಾಬೈಟ್‌ನ ಪ್ರಮಾಣಿತ ಡ್ರೈವ್‌ಗಳನ್ನು ಮಾತ್ರ ಮಾನ್ಯ ಮಾಡಿತ್ತು. 2020ರ ಆವೃತ್ತಿಯಿಂದ ಆ ಸೌಲಭ್ಯವನ್ನೇ ಕೈಬಿಡಲಾಯಿತು. ಇಂದು ಈ ಮಾರ್ಗದಲ್ಲಿ ನಡೆಯುವವರಿಗೆ ಹೆಚ್ಚಾಗಿ ಆಸರೆಯಾಗಿರುವುದು ಲಿನಕ್ಸ್ ಬಳಗವೇ.

ಬರವಣಿಗೆ ಇಷ್ಟು ನಿಧಾನವೇಕೆ? ಪೆನ್ ಡ್ರೈವ್‌ನ ಒಳಗಿರುವುದು ಫ್ಲಾಶ್ ಸ್ಮೃತಿ. ಅದು ಮಾಹಿತಿಯನ್ನು ಪುಟಪುಟವಾಗಿ ಬರೆಯುತ್ತದೆ, ಅಳಿಸುವುದು ಮಾತ್ರ ಅನೇಕ ಪುಟಗಳ ಕಟ್ಟನ್ನು ಒಟ್ಟಿಗೆ. ಹಲಗೆಯ ಮೇಲಿನ ಒಂದಕ್ಷರವನ್ನು ತಿದ್ದಲು ಇಡೀ ಹಲಗೆಯನ್ನು ಒರೆಸಿ ಮತ್ತೆ ಬರೆದಂತೆ. ಒರೆಸಿದಷ್ಟೂ ಹಲಗೆ ಸವೆಯುತ್ತದೆ. ಒಂದು ಕೋಶದಲ್ಲಿ ಒಂದೇ ಬಿಟ್ ಇಡುವ ಹಳೆಯ, ದುಬಾರಿ ಮಾದರಿಯು ಸುಮಾರು ಒಂದು ಲಕ್ಷ ಬಾರಿ ಅಳಿಸುವುದನ್ನು ತಾಳಿಕೊಳ್ಳುತ್ತಿತ್ತು. ಈಗ ಬಹುವಾಗಿ ಮಾರಾಟವಾಗುವ, ಒಂದು ಕೋಶದಲ್ಲಿ ಮೂರು ಬಿಟ್‌ಗಳನ್ನು ತುರುಕುವ ಮಾದರಿಯ ತಾಳಿಕೆ ಒಂದೆರಡು ಸಾವಿರ ಬಾರಿಗಳ ಆಸುಪಾಸಿನದು. ಸವೆತವನ್ನು ಎಲ್ಲ ಕೋಶಗಳಿಗೂ ಸಮನಾಗಿ ಹಂಚುವ ನಿಯಂತ್ರಕವೊಂದು ಒಳಗೆ ಇರುತ್ತದೆ. ಅಗ್ಗದ ಸಾಧನಗಳಲ್ಲಿ ದುರ್ಬಲವಾಗಿರುವುದು ಈ ನಿಯಂತ್ರಕವೇ. ಬೆಲೆಯ ವ್ಯತ್ಯಾಸ ಹೊರಗಿನ ಲೋಹದ ಕವಚಕ್ಕಲ್ಲ, ಒಳಗಿನ ಈ ಮೇಸ್ತ್ರಿಗೆ ಎನ್ನಬಹುದು.

ಆದುದರಿಂದ ವ್ಯವಸ್ಥೆಯನ್ನು ಯಾವ ರೀತಿ ಬಳಸಬೇಕೆಂಬುದನ್ನು ಮೊದಲು ನಿರ್ಧರಿಸುವುದು ಲೇಸು. ಕೇವಲ ಪರೀಕ್ಷಿಸಲು, ಇಲ್ಲವೆ ಕೆಟ್ಟ ಯಂತ್ರದಿಂದ ಕಡತಗಳನ್ನು ಹೊರತೆಗೆಯಲು ಆದರೆ ‘ಲೈವ್’ ವಿಧಾನ ಸಾಕು. ಇದರಲ್ಲಿ ಸಂಕುಚಿತಗೊಳಿಸಿದ ವ್ಯವಸ್ಥೆಯನ್ನು ಓದಲಾಗುತ್ತದೆಯೇ ಹೊರತು ಅದರ ಮೇಲೆ ಬರೆಯಲಾಗುವುದಿಲ್ಲ, ಯಂತ್ರ ನಿಲ್ಲಿಸಿದೊಡನೆ ಮಾಡಿದ ಬದಲಾವಣೆಗಳು ಅಳಿಯುತ್ತವೆ. 8 ಗಿಗಾಬೈಟ್‌ನ ಸಾಧಾರಣ ಸಾಧನವೂ ಇದಕ್ಕೆ ಸಲ್ಲುತ್ತದೆ. ಗೋಪ್ಯತೆಗೆ ಹೆಸರಾದ ಟೇಲ್ಸ್ ವ್ಯವಸ್ಥೆ ಕೇಳುವುದೂ ಕನಿಷ್ಠ 8 ಗಿಗಾಬೈಟ್. ಬರೆದ ಪತ್ರ, ಜೋಡಿಸಿದ ಕೀಲಿಮಣೆ ಇವು ಉಳಿಯಬೇಕೆಂದರೆ ಡ್ರೈವ್‌ನ ಒಂದು ಭಾಗವನ್ನು ಶಾಶ್ವತ ಸಂಗ್ರಹಕ್ಕೆ ಮೀಸಲಿಡಬೇಕು. ಆಗ 32 ಗಿಗಾಬೈಟ್ ಇರುವುದು ಒಳಿತು. ಹಾರ್ಡ್ ಡಿಸ್ಕ್‌ನಲ್ಲಿ ಮಾಡುವಂತೆ ಪೂರ್ಣವಾಗಿ ಸ್ಥಾಪಿಸಿ ದಿನನಿತ್ಯ ಬಳಸುವವರು ಪೆನ್ ಡ್ರೈವ್‌ನ ಆಸೆಯನ್ನೇ ಬಿಟ್ಟು, ಯು.ಎಸ್.ಬಿ. ತಂತಿಯಿಂದ ಜೋಡಿಸುವ ಪುಟ್ಟ ಎಸ್.ಎಸ್.ಡಿ.ಯನ್ನು ಕೊಳ್ಳುವುದು ಜಾಣತನ. ಬೆಲೆ ಹೆಚ್ಚಾದರೂ ಅದರ ನಿಯಂತ್ರಕ ಚೆದುರಿದ ಬರವಣಿಗೆಗೆಂದೇ ತಯಾರಾದುದು. ಹಳೆಯ ಲ್ಯಾಪ್‌ಟಾಪ್‌ನಿಂದ ಕಳಚಿದ ಎಸ್.ಎಸ್.ಡಿ. ಮನೆಯಲ್ಲಿದ್ದರೆ ಅದಕ್ಕೊಂದು ಹೊರಕವಚ ಕೊಂಡರೆ ಸಾಕು, ಖರ್ಚು ಇನ್ನೂ ಇಳಿಯುತ್ತದೆ.

ಅಂದಹಾಗೆ, 32 ಗಿಗಾಬೈಟ್ ಎಂದು ಕೊಂಡುದು ಯಂತ್ರದಲ್ಲಿ 29.8 ಎಂದು ತೋರಿದರೆ ಮೋಸವಾಯಿತೆಂದು ಗಾಬರಿಪಡಬೇಕಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದರೆ ಕೆಲವು ವ್ಯವಸ್ಥೆಗಳು 1024ರ ಲೆಕ್ಕದಲ್ಲಿ ಎಣಿಸುತ್ತವೆ. ನಿಜವಾದ ಮೋಸದ ಬಗೆ ಬೇರೆ. ಎಂಟು ಗಿಗಾಬೈಟ್‌ನ ಸಾಧನದ ಒಳಲಿಖಿತವನ್ನು ತಿದ್ದಿ ಅದು ಇನ್ನೂರೈವತ್ತಾರು ಎಂದು ಹೇಳುವಂತೆ ಮಾಡಲಾಗುತ್ತದೆ. ಕಡತಗಳ ಹೆಸರುಗಳು ಪಟ್ಟಿಯಲ್ಲಿ ಕಾಣಿಸುತ್ತಲೇ ಇರುತ್ತವೆ, ಒಳಗಿನ ಸರಕು ಮಾತ್ರ ಒಂದರ ಮೇಲೊಂದು ಬರೆದುಕೊಂಡು ಹಾಳಾಗಿರುತ್ತದೆ. ವರ್ಷದ ಪರಿಶ್ರಮದ ಪ್ರಬಂಧವನ್ನು ಇಂತಹುದರಲ್ಲಿಟ್ಟ ವಿದ್ಯಾರ್ಥಿಯ ಪಾಡು ಹೇಳತೀರದು. ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್ ಹೀಗೆ ಎಲ್ಲಿ ಕೊಂಡರೂ, ಅಂತರಜಾಲದಲ್ಲಿ ತರಿಸಿಕೊಂಡರೂ ರಸೀದಿ ಪಡೆಯುವುದು ಅವಶ್ಯ. ನಂಬಲಾಗದಷ್ಟು ಕಡಿಮೆ ಬೆಲೆಯನ್ನು ನಂಬದಿರುವುದೇ ಕ್ಷೇಮ. ಕೊಂಡ ದಿನವೇ ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯೂ’, ಲಿನಕ್ಸ್‌ನಲ್ಲಿ ‘ಎಫ್3’ ಎಂಬ ಉಚಿತ ತಂತ್ರಾಂಶದಿಂದ ಡ್ರೈವ್ ಪೂರ್ತಿ ತುಂಬುವಂತೆ ಬರೆಸಿ, ಮತ್ತೆ ಓದಿಸಿ ನೋಡಬೇಕು. ಗಂಟೆಗಟ್ಟಲೆ ಹಿಡಿಯುವ ಈ ಪರೀಕ್ಷೆಯನ್ನು ರಾತ್ರಿ ಹಚ್ಚಿಟ್ಟು ಮಲಗಬಹುದು.

ಯು.ಎಸ್.ಬಿ. ಕಿಂಡಿಯ ಪೀಳಿಗೆಯೂ ಗಮನಾರ್ಹ. ಈ ಜೋಡಣೆಯನ್ನು ರೂಪಿಸಿದ ತಂಡದಲ್ಲಿ ವಡೋದರಾದವರಾದ ಅಜಯ್ ಭಟ್ ಅವರ ಪಾತ್ರ ಹಿರಿದು. 2000ನೆಯ ಇಸವಿಯ ಯು.ಎಸ್.ಬಿ. 2.0 ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸಿದರೆ 2008ರ 3.0 ಐದು ಗಿಗಾಬಿಟ್ ಸಾಗಿಸುತ್ತದೆ. ಒಳಬದಿ ನೀಲಿಯಾಗಿರುವ ಕಿಂಡಿ ಸಾಮಾನ್ಯವಾಗಿ ಎರಡನೆಯ ಬಗೆಯದು. ಹೊಸ ಡ್ರೈವ್ ಹಳೆಯ ಕಿಂಡಿಯಲ್ಲಿಯೂ ನಡೆಯುತ್ತದೆ, ಹಳೆಯ ವೇಗದಲ್ಲಿ. ಉಗುರಿನಷ್ಟು ಪುಟ್ಟ ಡ್ರೈವ್‌ಗಳು ನೋಡಲು ಚೆಂದ. ದೀರ್ಘಕಾಲ ದುಡಿಸಿದರೆ ಬಿಸಿಯೇರಿ ತಾವಾಗಿಯೇ ನಿಧಾನಿಸುತ್ತವೆ.

ವ್ಯವಸ್ಥೆಯ ಪ್ರತಿಯನ್ನು ಅದರ ಅಧಿಕೃತ ತಾಣದಿಂದಲೇ ಪಡೆದು, ಅಲ್ಲಿ ಕೊಟ್ಟಿರುವ ತಾಳೆಸಂಖ್ಯೆಯೊಡನೆ ಹೋಲಿಸಿ, ಬಳಿಕ ರೂಫಸ್ ಅಥವಾ ವೆಂಟಾಯ್‌ನಂತಹ ತಂತ್ರಾಂಶದಿಂದ ಡ್ರೈವ್‌ಗೆ ಇಳಿಸಬೇಕು. ಈ ಕ್ರಿಯೆಯಲ್ಲಿ ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಯುತ್ತದೆಂಬುದನ್ನು ಮರೆಯಬಾರದು. ಯಂತ್ರ ಆರಂಭಿಸುವಾಗ ಎಫ್12 ಅಥವಾ ತಯಾರಕರು ಸೂಚಿಸಿದ ಬೇರೆ ಕೀಲಿಯನ್ನು ಒತ್ತಿದರೆ ಎಲ್ಲಿಂದ ಆರಂಭಿಸಬೇಕೆಂದು ಆರಿಸುವ ಪಟ್ಟಿ ಬರುತ್ತದೆ. ಆಪಲ್ ಸಂಸ್ಥೆಯು 2020ರಿಂದ ತನ್ನದೇ ಚಿಪ್ ಬಳಸಿ ಮಾಡುತ್ತಿರುವ ಯಂತ್ರಗಳಲ್ಲಿ ಸಾಮಾನ್ಯ ಗಣಕಗಳಿಗೆಂದು ಸಿದ್ಧಪಡಿಸಿದ ಡ್ರೈವ್ ನಡೆಯದು. ಕಚೇರಿಯ ಅಥವಾ ಸೈಬರ್ ಕೇಂದ್ರದ ಯಂತ್ರವಾದರೆ ಅದರ ಹೊಣೆ ಹೊತ್ತವರ ಒಪ್ಪಿಗೆ ಬೇಕು. ಅಲ್ಲದೆ, ಕೀಲಿಮಣೆಗೇ ಕದ್ದಾಲಿಸುವ ಉಪಕರಣ ಜೋಡಿಸಿದ್ದರೆ ಸ್ವಂತ ವ್ಯವಸ್ಥೆಯೂ ಕಾಪಾಡಲಾರದು. ಅಪರಿಚಿತ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಮಾಡದಿರುವುದೇ ಮೇಲು.

ಡ್ರೈವ್ ಕಳೆದುಹೋದರೆ ಸಿಕ್ಕಿದವರು ಓದಲಾಗದಂತೆ ಗೂಢಲಿಪೀಕರಣವನ್ನು ಸ್ಥಾಪನೆಯ ಹೊತ್ತಿನಲ್ಲಿಯೇ ಮಾಡಿಕೊಳ್ಳಬೇಕು. ಕೆಲಸ ನಡೆಯುತ್ತಿರುವಾಗ ಅದನ್ನು ಕಿಂಡಿಯಿಂದ ಕೀಳುವುದು ಅಪಾಯಕರ: ವಿಂಡೋಸ್ ಟು ಗೋ ಮರಳಿ ಸಿಕ್ಕಿಸಲು ಅರವತ್ತು ಸೆಕೆಂಡುಗಳ ಗಡುವು ಕೊಡುತ್ತಿತ್ತು, ಉಳಿದವು ಅಷ್ಟು ಉದಾರವಲ್ಲ. ಫ್ಲಾಶ್ ಸ್ಮೃತಿಯು ಕೆಡುವ ಮುನ್ನ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ, ಮುನ್ಸೂಚನೆಯನ್ನೂ ಕೊಡುವುದಿಲ್ಲ. ಹಾಗಾಗಿ ಕಡತಗಳ ಇನ್ನೊಂದು ಪ್ರತಿ ವಾರಕ್ಕೊಮ್ಮೆಯಾದರೂ ಬೇರೊಂದು ಡ್ರೈವ್‌ಗೆ ಹೋಗಬೇಕು, ಮತ್ತು ಆ ಎರಡನೆಯ ಡ್ರೈವ್ ಮೊದಲನೆಯದಿರುವ ಚೀಲದಲ್ಲಿ ಇರಬಾರದು.