ಯುವ ದಂಪತಿಗಳಿಗೆ ಗರ್ಭನಿರೋಧಕ ತಿಳಿವಳಿಕೆ: ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ



1930ರಲ್ಲಿಯೇ ಸರ್ಕಾರಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆದ ಕೀರ್ತಿ ಮೈಸೂರು ಸಂಸ್ಥಾನದ್ದು. ಆದರೂ ಕುಟುಂಬ ಯೋಜನೆಯೆಂದರೆ ಮಹಿಳೆಯ ಶಸ್ತ್ರಚಿಕಿತ್ಸೆ ಎಂಬ ಭಾವನೆ ಗ್ರಾಮಗಳಲ್ಲಿ ಇಂದಿಗೂ ಅಳಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಶೇ 57ರಷ್ಟು ಮಂದಿ ಅದನ್ನೇ ಅವಲಂಬಿಸಿದ್ದಾರೆ. ಪುರುಷರ ಶಸ್ತ್ರಚಿಕಿತ್ಸೆಯ ಪ್ರಮಾಣ ಶೂನ್ಯದ ಸಮೀಪದಲ್ಲಿದೆ.

ಮೊದಲ ಮಗುವನ್ನು ಮುಂದೂಡಬಯಸುವ, ಮಕ್ಕಳ ನಡುವೆ ಅಂತರ ಬಯಸುವ ದಂಪತಿಗೆ ಶಸ್ತ್ರಚಿಕಿತ್ಸೆ ಉತ್ತರವಲ್ಲ. ಮೂರು ತಿಂಗಳಿಗೊಮ್ಮೆ ಪಡೆಯುವ ಅಂತರಾ ಚುಚ್ಚುಮದ್ದು, ಮೊದಲ ಮೂರು ತಿಂಗಳು ವಾರಕ್ಕೆರಡು ಬಾರಿ, ಅನಂತರ ವಾರಕ್ಕೊಮ್ಮೆ ಸೇವಿಸುವ ಛಾಯಾ ಮಾತ್ರೆ, ಕಾಪರ್-ಟಿ, ನಿರೋಧ್ ಇವೆಲ್ಲವೂ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಉಚಿತ. ಇವುಗಳಲ್ಲಿ ಲೈಂಗಿಕ ಸೋಂಕುಗಳಿಂದಲೂ ರಕ್ಷಿಸುವುದು ನಿರೋಧ್ ಮಾತ್ರ. ತುರ್ತು ಮಾತ್ರೆಯನ್ನು 72 ಗಂಟೆಗಳೊಳಗೆ ಸೇವಿಸಬೇಕು. ಅದು ನಿತ್ಯದ ವಿಧಾನವಲ್ಲ.

ಹೆಸರು ತಿಳಿದಿರುವುದು ಬೇರೆ, ಬಳಸುವ ಕ್ರಮ ತಿಳಿದಿರುವುದು ಬೇರೆ. ಹೊಸ ಸೊಸೆ ಅತ್ತೆಯ ಎದುರಿನಲ್ಲಿ ಆಶಾ ಕಾರ್ಯಕರ್ತೆಯನ್ನು ಕೇಳಲಾರಳು. ಯುವಕನು ಪರಿಚಿತರ ಔಷಧ ಅಂಗಡಿಯಲ್ಲಿ ಬಾಯಿ ತೆರೆಯಲಾರ. ಸಾಮಗ್ರಿ ಉಪಕೇಂದ್ರದಲ್ಲಿದ್ದರೂ ಗೋಪ್ಯತೆಯಿಲ್ಲದಿದ್ದಲ್ಲಿ ಅದು ಅವರನ್ನು ತಲುಪದು.

ಆದ್ದರಿಂದ ಸದಸ್ಯರು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಕಾರ್ಯಸೂಚಿಗೆ ಈ ವಿಷಯವನ್ನು ಸೇರಿಸುವುದು. ಉಪಕೇಂದ್ರದ ದಾಸ್ತಾನನ್ನು ವಿಚಾರಿಸುವುದು. ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ನ ದಿನ, ವೇಳೆಗಳನ್ನು ಸೂಚನಾ ಫಲಕದಲ್ಲಿ ಪ್ರಕಟಿಸುವುದು. ಯಾರು ಏನನ್ನು ಪಡೆದರೆಂದು ಮಾತ್ರ ಕೇಳತಕ್ಕದ್ದಲ್ಲ. ಆಯ್ಕೆ ದಂಪತಿಯದು, ಆ ಆಯ್ಕೆಗೆ ದಾರಿ ಮಾಡಿಕೊಡುವುದು ಪಂಚಾಯಿತಿಯ ಕರ್ತವ್ಯ.