ಹಸುವಿನ ಗೊರಸು ನೋಡುವ ನಾವು ನಮ್ಮ ಪಾದವನ್ನೂ ನೋಡೋಣ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಹೊತ್ತಿನಲ್ಲಿ ಎರಡು ಮಾತಾಡಲು ನಮಗೂ ಅವಕಾಶ ಕೊಟ್ಟಿದ್ದೀರಿ. ಸಂಘ ಬೆಳೆದು ಬಂದ ದಾರಿ, ಕಟ್ಟಡ ಕಟ್ಟಿದ್ದು, ಬೋನಸ್ ಹಂಚಿದ್ದು, ಇವನ್ನೆಲ್ಲ ಹಿರಿಯರು ಆಗಲೇ ಹೇಳಿದ್ದಾರೆ. ಹೇಳಿದ್ದನ್ನೇ ಹೇಳಿದರೆ ತಮಗೂ ಬೇಸರ. ಆದ್ದರಿಂದ ನಾವು ಇವತ್ತು ಕಾಲಿನ ವಿಚಾರ ಎತ್ತಿಕೊಂಡಿದ್ದೇವೆ. ನಗಬೇಡಿ. ಬೆಳಿಗ್ಗೆ ಐದೂವರೆಗೆ ಕ್ಯಾನು ಹಿಡಿದು ಡೇರಿ ಮುಂದೆ ಸಾಲು ನಿಲ್ಲುವುದು ಈ ಕಾಲುಗಳ ಮೇಲೇ ತಾನೆ?

ನಮ್ಮ ಓದು ಎಸ್.ಎಸ್.ಎಲ್.ಸಿ.ವರೆಗೆ. ನಾವು ಡಾಕ್ಟರಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದನ್ನು, ನಮ್ಮ ಊರಿನಲ್ಲಿ ಕಣ್ಣಾರೆ ಕಂಡದ್ದನ್ನು ಸೇರಿಸಿ ಹೇಳುತ್ತೇವೆ.

ಕೊಟ್ಟಿಗೆಯಲ್ಲಿ ಹಸು ಒಂದು ಕಾಲು ಎತ್ತಿ ನಿಂತರೆ ನಮಗೆ ತಕ್ಷಣ ಗೊತ್ತಾಗುತ್ತದೆ. ಗೊರಸಿನ ಸಂದಿಗೆ ಕಲ್ಲು ಸಿಕ್ಕಿದೆಯೋ, ಹುಣ್ಣಾಗಿದೆಯೋ ಎಂದು ಎತ್ತಿ ನೋಡುತ್ತೇವೆ. ಕಾಲುಬಾಯಿ ಬೇನೆಗೆ ವರ್ಷಕ್ಕೆ ಎರಡು ಸಲ ಲಸಿಕೆ ಹಾಕಿಸುತ್ತೇವೆ. ಹಸು ಕುಂಟಿದರೆ ಹಾಲು ಇಳಿಯುತ್ತದೆ ಎಂಬುದು ಮನೆಯ ಮಕ್ಕಳಿಗೂ ಗೊತ್ತು. ಆದರೆ ಯಜಮಾನ ಕುಂಟಿದರೆ? "ಏನಾಯ್ತದೆ ಬುಡಣ್ಣೋ, ಮುಳ್ಳೇ ತಾನೆ" ಅನ್ನುತ್ತೇವೆ. ನಮ್ಮ ಅಂಗಾಲನ್ನು ನಾವು ಕಡೆಯದಾಗಿ ನೋಡಿದ್ದು ಯಾವಾಗ? ಇಲ್ಲಿ ಕೂತಿರುವವರು ಮನಸ್ಸಿನಲ್ಲೇ ಕೇಳಿಕೊಳ್ಳಿ.

ಮೊದಲು ಎಲ್ಲರಿಗೂ ಬರುವ ತೊಂದರೆಗಳನ್ನು ಹೇಳಿಬಿಡುತ್ತೇವೆ.

ಒಂದು, ಹಿಮ್ಮಡಿ ಒಡೆಯುವುದು. ಬರಿಗಾಲಲ್ಲಿ ಮಣ್ಣು, ನೀರು, ಬಿಸಿಲು ತುಳಿದು ಚರ್ಮ ದಪ್ಪವಾಗಿ ಸೀಳುತ್ತದೆ. ಬ್ಲೇಡಿನಲ್ಲಿ ಹೆರೆಯಬೇಡಿ. ರಾತ್ರಿ ಕಾಲು ತೊಳೆದು ಒರೆಸಿ ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿ ಮಲಗಿ. ಔಷಧಿ ಅಂಗಡಿಯಲ್ಲಿ ಯೂರಿಯಾ ಸೇರಿಸಿದ ಮುಲಾಮು ಸಿಗುತ್ತದೆ, ಅದೂ ಒಳ್ಳೆಯದು. ಆ ಯೂರಿಯಾ ಬೇರೆ, ನಮ್ಮ ಗೊಬ್ಬರದ ಮೂಟೆಯ ಯೂರಿಯಾ ಬೇರೆ. ಯಾರೂ ಮೂಟೆಗೆ ಕೈ ಹಾಕಬೇಡಿ.

ಎರಡು, ನಾಟಿ ಕಾಲದಲ್ಲಿ ಬೆರಳ ಸಂದಿ ಬೆಳ್ಳಗಾಗಿ ಕೊಳೆಯುವುದು, ನವೆ. ಇದು ಬೂಸ್ಟಿನಂಥ ಸೋಂಕು. ಗದ್ದೆಯಿಂದ ಬಂದ ಮೇಲೆ ಕಾಲು ತೊಳೆಯುವುದು ಎಲ್ಲರಿಗೂ ಅಭ್ಯಾಸ. ಒರೆಸುವುದು ಮಾತ್ರ ಇಲ್ಲ. ಒಣಬಟ್ಟೆಯಲ್ಲಿ ಒಂದೊಂದು ಸಂದಿಯನ್ನೂ ಒರೆಸಬೇಕು. ಸುಣ್ಣ, ಸೀಮೆಎಣ್ಣೆ ಬೇಡ. ಅಂಗಡಿಯಲ್ಲಿ "ನವೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳಿ ತಂದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದು. ಎರಡು ದಿನ ನವೆ ನಿಂತಂತಾಗಿ ಆಮೇಲೆ ಇಮ್ಮಡಿಯಾಗಿ ಹರಡುತ್ತದೆ. ಡಾಕ್ಟರು ಬರೆದುಕೊಟ್ಟದ್ದನ್ನೇ ಹಚ್ಚಿ, ಹೇಳಿದಷ್ಟು ದಿನ ಹಚ್ಚಿ.

ಮೂರು, ಆಣಿ. ಒಂದೇ ಜಾಗಕ್ಕೆ ಒತ್ತಡ ಬಿದ್ದು ಚರ್ಮ ಗಂಟಾಗುವುದು. ಎಕ್ಕದ ಹಾಲು ಬಿಟ್ಟರೆ ಸುತ್ತಲಿನ ಒಳ್ಳೆಯ ಚರ್ಮವೂ ಸುಟ್ಟು ಹುಣ್ಣಾಗುತ್ತದೆ. ಒತ್ತುವ ಚಪ್ಪಲಿ ಬದಲಾಯಿಸದೆ ಆಣಿ ಎಷ್ಟು ಸಲ ತೆಗೆಸಿದರೂ ಮತ್ತೆ ಬರುತ್ತದೆ.

ನಾಲ್ಕು, ಬದುವಿನ ಮೇಲೆ ನಡೆಯುವಾಗ ಕಾಲು ಉಳುಕುವುದು. ಉಳುಕಿದ ಕೂಡಲೇ ನೀವಿಸುವುದು ನಮ್ಮ ರೂಢಿ. ಡಾಕ್ಟರು ಹೇಳುವುದು ಬೇರೆ. ಮೊದಲ ಎರಡು ದಿನ ನೀವಬಾರದು, ಬಿಸಿ ಶಾಖ ಕೊಡಬಾರದು. ಐಸನ್ನು ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷದಂತೆ ಇಡಬೇಕು, ಬ್ಯಾಂಡೇಜು ಸುತ್ತಿ ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಡಬೇಕು. ಊರಿಕೊಂಡು ನಾಲ್ಕು ಹೆಜ್ಜೆ ನಡೆಯಲು ಆಗದಿದ್ದರೆ, ಅಥವಾ ಹರಡಿನ ಮೂಳೆಯನ್ನು ಒತ್ತಿದರೆ ಜೀವ ಹೋಗುವಂತೆ ನೋಯುತ್ತಿದ್ದರೆ ಎಕ್ಸ್‌ರೇ ತೆಗೆಸಲೇಬೇಕು. ಮುರಿದ ಮೂಳೆಯನ್ನು ನೀವಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಐದು, ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದಂತೆ ನೋವು. ಅಂಗಾಲಿನ ಉದ್ದಕ್ಕೂ ಇರುವ ಗಟ್ಟಿ ಪಟ್ಟಿ ಹಿಮ್ಮಡಿಯ ಹತ್ತಿರ ಎಳೆದುಕೊಂಡು ಆಗುವುದಿದು. ಹಾಸಿಗೆಯಿಂದ ಏಳುವ ಮೊದಲೇ ಟವಲನ್ನು ಪಾದಕ್ಕೆ ಹಾಕಿ ಮುಂಭಾಗವನ್ನು ನಮ್ಮ ಕಡೆಗೆ ಹತ್ತಾರು ಸಲ ಎಳೆಯಬೇಕು. ಮೆತ್ತನೆಯ ಚಪ್ಪಲಿ ಹಾಕಬೇಕು. ವಾಸಿಯಾಗಲು ತಿಂಗಳುಗಳೇ ಹಿಡಿಯಬಹುದು, ಆದರೆ ಹೆಚ್ಚಿನವರಿಗೆ ಆಪರೇಷನ್ ಇಲ್ಲದೆ ವಾಸಿಯಾಗುತ್ತದೆ.

ಇವೆಲ್ಲ ನೋಯುವ ಕಾಯಿಲೆಗಳು. ನೋಯುವುದರಿಂದ ನಾವು ಎಚ್ಚರವಾಗುತ್ತೇವೆ. ನಾವು ಮುಖ್ಯವಾಗಿ ಹೇಳಬೇಕೆಂದು ಬಂದಿರುವುದು ನೋಯದೆ ಇರುವ ಕಾಲಿನ ವಿಚಾರ.

ಸಕ್ಕರೆ ಕಾಯಿಲೆ ಪೇಟೆಯವರದು, ಕೂತು ತಿನ್ನುವವರದು, ಗೇಯುವವರಿಗೆ ಬರುವುದಿಲ್ಲ ಎಂಬ ಮಾತು ಹಳ್ಳಿಯಲ್ಲಿ ಇನ್ನೂ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ದೇಶದ ಎಲ್ಲ ರಾಜ್ಯಗಳಲ್ಲಿ ಮಾಡಿದ ಸಮೀಕ್ಷೆಯ ವರದಿ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ ಜನ. ಪಟ್ಟಣದ ವಯಸ್ಕರಲ್ಲಿ ಶೇ. 16.4, ಹಳ್ಳಿಯ ವಯಸ್ಕರಲ್ಲಿ ಶೇ. 8.9. ಅಂದರೆ ನಮ್ಮಂಥ ಹಳ್ಳಿಯಲ್ಲಿ ನೂರು ಜನ ದೊಡ್ಡವರನ್ನು ಕೂರಿಸಿದರೆ ಹೆಚ್ಚುಕಡಿಮೆ ಒಂಬತ್ತು ಜನ. ಅದರಲ್ಲಿ ಕೆಲವರಿಗೆ ತಮಗೆ ಕಾಯಿಲೆ ಇದೆಯೆಂಬುದೇ ಗೊತ್ತಿರುವುದಿಲ್ಲ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಪಾದದಲ್ಲಿ ಎರಡು ಕೆಡುಕು ನಡೆಯುತ್ತದೆ. ನರಗಳು ಸೊರಗಿ ಪಾದ ಜೋಮು ಹಿಡಿದಂತಾಗುತ್ತದೆ. ಕೆಲವರಿಗೆ ಮೊದಲು ಉರಿ, ಚುಮುಚುಮು; ಕೆಲವರಿಗೆ ಸದ್ದಿಲ್ಲದೆ ಸ್ಪರ್ಶವೇ ಹೋಗುತ್ತದೆ. ಇನ್ನೊಂದು ಕಡೆ ರಕ್ತನಾಳಗಳು ಕಿರಿದಾಗಿ ರಕ್ತದ ಓಟ ತಗ್ಗುತ್ತದೆ. ನಾಲೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಕಟ್ಟಕಡೆಯ ಗದ್ದೆ. ಪಾದವೂ ದೇಹದ ಕಟ್ಟಕಡೆಯ ಗದ್ದೆ. ಬೀಡಿ ಸಿಗರೇಟು ಸೇದುವವರಿಗೆ ಈ ಹೂಳು ಇನ್ನೂ ಬೇಗ ತುಂಬುತ್ತದೆ. ಹೀಗೆ ಮುಳ್ಳು ಚುಚ್ಚಿದ್ದು ಗೊತ್ತಾಗುವುದಿಲ್ಲ. ಗೊತ್ತಾದ ಮೇಲೂ ಗಾಯ ಮಾಯುವುದಿಲ್ಲ. ಅಷ್ಟರಲ್ಲಿ ಕೀವು ಮೂಳೆಗೆ ಇಳಿದಿರುತ್ತದೆ.

ನಮ್ಮ ಸಂಘದ ಸದಸ್ಯರೊಬ್ಬರು ಇದೇ ಸಭೆಯಲ್ಲಿದ್ದಾರೆ. "ನನ್ನ ಹೆಸರು ಬ್ಯಾಡ, ವಿಷ್ಯ ಹೇಳಿ, ಇನ್ನೊಬ್ರಿಗಾದ್ರೂ ಬುದ್ಧಿ ಬರ್ಲಿ" ಎಂದು ಒಪ್ಪಿಗೆ ಕೊಟ್ಟಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದರು. ಬೇಲಿ ಕಟ್ಟುವಾಗ ಹವಾಯಿ ಚಪ್ಪಲಿಯನ್ನು ದಾಟಿ ಜಾಲಿಮುಳ್ಳು ಅಂಗಾಲಿಗೆ ಇಳಿದಿದೆ. ನೋವಿಲ್ಲ. ಹತ್ತು ದಿನ ಅದರ ಮೇಲೇ ಓಡಾಡಿದ್ದಾರೆ. ಮನೆಯಾಕೆಗೆ ವಾಸನೆ ಬಂದ ಮೇಲೆ ನೋಡಿದರೆ ಹೆಬ್ಬೆರಳು ಕಪ್ಪಾಗಿತ್ತು. ಮೊದಲು ಬೆರಳು ಹೋಯಿತು, ಒಂದು ತಿಂಗಳಿಗೆ ಮೊಣಕಾಲಿನ ಕೆಳಗೆ ಕಾಲೇ ಹೋಯಿತು. ಖರ್ಚಿಗೆ ಎರಡು ಸೀಮೆಹಸು ಮಾರಿದರು. ದಿನಕ್ಕೆ ಹದಿನೆಂಟು ಲೀಟರ್ ಹಾಕುತ್ತಿದ್ದ ಆ ಮನೆಯ ಪಾಸ್ ಪುಸ್ತಕದಲ್ಲಿ ಏಳು ತಿಂಗಳು ಒಂದು ಲೀಟರೂ ಬರೆದಿಲ್ಲ. ಈಗ ಮಗ ಹಾಲು ಹಾಕುತ್ತಿದ್ದಾನೆ, ಅವನ ಓದು ಅರ್ಧಕ್ಕೆ ನಿಂತಿತು. ಒಂದು ಮುಳ್ಳಿನ ಬೆಲೆ ಇಷ್ಟು.

ಇದನ್ನು ಹೆದರಿಸಲು ಹೇಳುತ್ತಿಲ್ಲ. ಇಂಥ ಕಾಲುಗಳಲ್ಲಿ ಬಹಳಷ್ಟನ್ನು ಉಳಿಸಬಹುದು, ಮನೆಯಲ್ಲೇ, ದಿನಕ್ಕೆ ಐದು ನಿಮಿಷದಲ್ಲಿ. ಸಕ್ಕರೆ ಕಾಯಿಲೆ ಇರುವವರು ಇಷ್ಟನ್ನು ಮಾಡಿ.

ದಿನಾ ರಾತ್ರಿ ಮಲಗುವ ಮೊದಲು ಎರಡೂ ಪಾದಗಳನ್ನು ಬೆಳಕಿನಲ್ಲಿ ನೋಡಿ: ಮೇಲೆ, ಕೆಳಗೆ, ಹಿಮ್ಮಡಿ, ಬೆರಳ ಸಂದಿ. ಬಗ್ಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. ಕಣ್ಣು ಮಂಜಾಗಿದ್ದರೆ ಮಕ್ಕಳ ಕೈಲಿ, ಸೊಸೆ ಕೈಲಿ ನೋಡಿಸಿ. ಇದರಲ್ಲಿ ನಾಚಿಕೆ ಬೇಡ.

ಸ್ನಾನದ ನೀರಿಗೆ ಕಾಲಿಡುವ ಮೊದಲು ಮೊಣಕೈ ಅದ್ದಿ ಬಿಸಿ ನೋಡಿ. ಜೋಮು ಹಿಡಿದ ಕಾಲಿಗೆ ಒಲೆ ಶಾಖ, ಬಿಸಿನೀರಿನ ಬಾಟಲು ಬೇಡವೇ ಬೇಡ. ಚರ್ಮ ಬೆಂದರೂ ತಿಳಿಯುವುದಿಲ್ಲ. ಪಾದಕ್ಕೆ ಎಣ್ಣೆ ಹಚ್ಚಿ, ಆದರೆ ಬೆರಳ ಸಂದಿಗೆ ಬೇಡ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಆಣಿಯನ್ನು ನೀವೇ ಕೀಳಬೇಡಿ.

ಬರಿಗಾಲು ಬೇಡ, ಮನೆಯೊಳಗೂ ಬೇಡ. ಕೊಟ್ಟಿಗೆಗೆ, ಹೊಲಕ್ಕೆ ಮುಚ್ಚಿದ ಪಾದರಕ್ಷೆ ಅಥವಾ ಗಂಬೂಟು ಹಾಕಿ. ಹಾಕುವ ಮೊದಲು ಒಳಗೆ ಕೈ ಹಾಕಿ ಕಲ್ಲು, ಮೊಳೆ, ಚೇಳು ಇದೆಯೇ ನೋಡಿ. ಚಪ್ಪಲಿಯನ್ನು ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ಸ್ಪರ್ಶ ಹೋದವರಿಗೆ ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಚಪ್ಪಲಿ ಸಿಗುತ್ತದೆ, ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು, ದೇವರ ವಿಚಾರ. ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ಬರಿಗಾಲಲ್ಲಿ ನಡೆಯುವವರು, ಹಬ್ಬದಲ್ಲಿ ಕೊಂಡ ಹಾಯುವವರು ನಮ್ಮಲ್ಲಿ ಇದ್ದಾರೆ. ಹರಕೆ ಬೇಡ ಎನ್ನುವವರು ನಾವಲ್ಲ. ಆದರೆ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಹರಕೆಯನ್ನು ಮಗನ ಕೈಲೋ ತಮ್ಮನ ಕೈಲೋ ತೀರಿಸಿ. ದೇವಸ್ಥಾನಕ್ಕೆ ಕಲ್ಲು ಕಾಯುವ ಮುಂಚೆ, ಬೆಳಗಿನ ಹೊತ್ತೇ ಹೋಗಿ ಬನ್ನಿ. ಮಾದಪ್ಪ ಮುನಿಯುವುದಿಲ್ಲ.

ಸ್ಪರ್ಶ ಇದೆಯೋ ಇಲ್ಲವೋ ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಇದೆ. ಕಾಯಿಲೆಯವರು ಕಣ್ಣು ಮುಚ್ಚಿ ಮಲಗಲಿ. ಇನ್ನೊಬ್ಬರು ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ತೋರುಬೆರಳಲ್ಲಿ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ. ಒತ್ತಬಾರದು, ಉಜ್ಜಬಾರದು. ಮುಟ್ಟಿದ್ದು ತಿಳಿದಾಗ ಹೇಳಬೇಕು. ಆರು ಬೆರಳಲ್ಲಿ ಎರಡು ಅಥವಾ ಹೆಚ್ಚು ತಿಳಿಯದೆ ಹೋದರೆ ಸ್ಪರ್ಶ ಕಡಿಮೆಯಾಗಿದೆ ಎಂದು ಅರ್ಥ, ಡಾಕ್ಟರಿಗೆ ತೋರಿಸಿ. ಅವರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಸರಿಯಾಗಿ ಪರೀಕ್ಷೆ ಮಾಡುತ್ತಾರೆ. ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೆ ಒಂದು ಸಲ ಪಾದ ಪರೀಕ್ಷೆ ಆಗಲೇಬೇಕು.

ಗಾಯ, ನೀರುಗುಳ್ಳೆ, ಕೀವು, ಕಪ್ಪು ಬಣ್ಣ, ವಾಸನೆ, ಮೇಲಕ್ಕೇರುವ ಕೆಂಪು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಜೊತೆಗೆ ಜ್ವರ ಬಂದರೆ ರಾತ್ರಿಯಾದರೂ ಕಾಯಬೇಡಿ. ಪಾದವೋ ಹರಡೋ ಕೆಂಪಾಗಿ, ಬಿಸಿಯಾಗಿ ಊದಿ, ನೋವು ಅಷ್ಟಿಲ್ಲದಿದ್ದರೆ ಅದನ್ನು ಉಳುಕು ಎಂದು ತಿಳಿಯಬೇಡಿ. ಒಳಗೆ ಮೂಳೆ ಕುಸಿಯುತ್ತಿರಬಹುದು. ಬೆಂಗಳೂರಿನಲ್ಲಿ ಸರ್ಕಾರದ್ದೇ ಆದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಸಂಸ್ಥೆಯಲ್ಲಿ ಸಕ್ಕರೆ ಕಾಯಿಲೆಯವರ ಪಾದಕ್ಕೆಂದೇ ವಿಭಾಗವಿದೆ. ನಮ್ಮ ಡಾಕ್ಟರು ಕಳಿಸಿದರೆ ಹೋಗಿ ಬರಬಹುದು.

ಬಂಧುಗಳೇ, ಇದರಲ್ಲಿ ಸಂಘದ ಪಾತ್ರವೇನು? ಸಹಕಾರಿಗಳಾದ ನಮಗೆ ನವೆಂಬರ್ 14 ದೊಡ್ಡ ದಿನ, ಸಹಕಾರ ಸಪ್ತಾಹ ಶುರುವಾಗುವ ದಿನ. ಅದೇ ದಿನ ವಿಶ್ವ ಮಧುಮೇಹ ದಿನವೂ ಹೌದು. 1921ರಲ್ಲಿ ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಕೆನಡಾದ ಡಾ. ಬ್ಯಾಂಟಿಂಗ್ ಹುಟ್ಟಿದ್ದು ಆ ದಿನ. ಪ್ರತಿ ವರ್ಷ ಅಂದು ಬಾವುಟ ಹಾರಿಸಿದ ಮೇಲೆ ಆರೋಗ್ಯ ಕೇಂದ್ರದವರನ್ನು ಕರೆಸಿ, ಮೂವತ್ತು ದಾಟಿದ ಎಲ್ಲ ಸದಸ್ಯರಿಗೆ, ಅವರ ಮನೆಯವರಿಗೆ ಸಕ್ಕರೆ ಮತ್ತು ಪಾದದ ಪರೀಕ್ಷೆ ಮಾಡಿಸಬೇಕೆಂದು ನಾವು ಈ ಸಭೆಯ ಮುಂದೆ ಇಡುತ್ತೇವೆ. ಖರ್ಚು ದೊಡ್ಡದಲ್ಲ. ಲಾಭದಲ್ಲಿ ಧರ್ಮಕಾರ್ಯಕ್ಕೆ ತೆಗೆದಿಡುವ ಹಣದಲ್ಲಿ ಆಗುತ್ತದೆ.

ರಜತ ಮಹೋತ್ಸವದ ನೆನಪಿಗೆ ಊರಬಾಗಿಲಿಗೆ ಕಮಾನು ಕಟ್ಟಿಸೋಣ ಎಂಬ ಅಭಿಪ್ರಾಯವೂ ಇದೆ. ಅದಕ್ಕೆ ನಮ್ಮ ವಿರೋಧವಿಲ್ಲ. ಆದರೆ ಕಮಾನಿನ ಕೆಳಗೆ ನಡೆದು ಬರಲು ಕಾಲು ಬೇಕಲ್ಲ? ಮೊದಲು ಕಾಲು, ಆಮೇಲೆ ಕಮಾನು.

ಯಶಸ್ವಿನಿ ಯೋಜನೆಯನ್ನೂ ಮರೆಯಬೇಡಿ. ಸಹಕಾರ ಸಂಘಗಳ ಸದಸ್ಯರಿಗೆಂದೇ 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮತ್ತೆ ಜಾರಿಗೆ ಬಂದ ಯೋಜನೆ ಇದು. ನೋಂದಣಿಗೆ ಕೊನೆಯ ದಿನ, ವಂತಿಗೆ, ಯಾವ ಚಿಕಿತ್ಸೆ ಸೇರುತ್ತದೆ ಎಂಬುದನ್ನು ಕಾರ್ಯದರ್ಶಿಗಳನ್ನು ಕೇಳಿ. ಕಾಯಿಲೆ ಬಂದ ಮೇಲೆ ಓಡಿ ಬಂದರೆ ನೋಂದಣಿ ಮುಗಿದಿರಬಹುದು.

ಕಡೆಯದಾಗಿ ಒಂದು ಮಾತು. ನಮ್ಮ ಡೇರಿಯಲ್ಲಿ ಎರಡೂ ಹೊತ್ತು ಹಾಲಿನ ಫ್ಯಾಟ್ ನೋಡದೆ ಒಂದು ಹನಿ ತೆಗೆದುಕೊಳ್ಳುವುದಿಲ್ಲ. ಇಪ್ಪತ್ತೈದು ವರ್ಷ ಸಂಘ ಉಳಿದದ್ದು ಈ ಶಿಸ್ತಿನಿಂದ. ಅದೇ ಶಿಸ್ತನ್ನು ದಿನಕ್ಕೆ ಒಂದು ಹೊತ್ತು ನಮ್ಮ ಪಾದಕ್ಕೂ ತೋರಿಸೋಣ. ಇವತ್ತು ರಾತ್ರಿಯಿಂದಲೇ ಶುರುವಾಗಲಿ. ಸಂಘ ಸುವರ್ಣ ಮಹೋತ್ಸವ ಆಚರಿಸುವಾಗ ನಾವೆಲ್ಲ ನಮ್ಮ ಎರಡೂ ಕಾಲ ಮೇಲೆ ನಡೆದು ಬಂದು ಇದೇ ಅಂಗಳದಲ್ಲಿ ಕೂರುವಂತಾಗಲಿ ಎಂದು ಹಾರೈಸುತ್ತೇವೆ.

ಜೈ ಹಿಂದ್, ಜೈ ಸಹಕಾರ.