ತಿಳಿನೀರು, ತಿಳಿದ ನೀರು

ಕನ್ನಡದಲ್ಲಿ ‘ತಿಳಿ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಕದಡದೆ ನಿರ್ಮಲವಾಗಿರುವುದು ತಿಳಿ, ಅರಿತುಕೊಳ್ಳುವುದೂ ತಿಳಿ. ಚಳ್ಳಕೆರೆಯ ಹೈಸ್ಕೂಲು ಮಕ್ಕಳಿಗೆ ಬಹುಕಾಲದಿಂದ ನಾನಾರ್ಥಗಳನ್ನು ಹೇಳಿಕೊಡುತ್ತ ಬಂದವನು ನಾನು. ಆದರೆ ಈ ಎರಡು ಅರ್ಥಗಳ ನಡುವೆ ಎಷ್ಟು ದೂರವಿದೆಯೆಂಬುದನ್ನು ನನಗೆ ಕಲಿಸಿದ್ದು ನಿಘಂಟಲ್ಲ, ಐದು ಹೊಂಬಣ್ಣದ ಮೀನುಗಳು. ಓದುಗರೆ, ಆ ಸಂಗತಿಯನ್ನೇ ಈಗ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ಮೀನುಗಳನ್ನು ಸಲಹಿ ಸಂತೋಷಪಡುವುದು ನಮ್ಮ ನಾಡಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂದೇ ಒಂದು ಪ್ರಕರಣವಿದೆ. ಮೀನಿನ ಜಾತಿಗಳು, ಅವಕ್ಕೆ ಹಾಕುವ ಆಹಾರ, ಹಿಡಿಯುವ ಬಗೆ ಎಲ್ಲವೂ ಅಲ್ಲಿ ಬರುತ್ತವೆ. ಆದರೆ ಹೊಳೆ ಕೆರೆಗಳ ಮೀನಿಗೆ ಬೇಕಾದಷ್ಟು ನೀರುಂಟು. ನಮ್ಮ ಪಡಸಾಲೆಯ ಗಾಜಿನ ತೊಟ್ಟಿಯ ಮೀನಿಗೆ ಇರುವುದು ನಾಲ್ಕೈದು ಕೊಡ ಮಾತ್ರ. ಅದು ಉಣ್ಣುವುದೂ ಅಲ್ಲೇ, ವಿಸರ್ಜಿಸುವುದೂ ಅಲ್ಲೇ, ಉಸಿರಾಡುವುದೂ ಅಲ್ಲೇ.

ಮೊಳಕಾಲ್ಮೂರಿಗೆ ಕೊಟ್ಟ ನನ್ನ ಮಗಳು ಒಂದು ಬೇಸಿಗೆಯಲ್ಲಿ ತವರಿಗೆ ಬಂದಿದ್ದಳು. ಮೊಮ್ಮಗಳ ಹಟಕ್ಕೆ ತೊಟ್ಟಿಯೊಂದನ್ನೂ ಗೋಲ್ಡ್ ಫಿಷ್ ಎಂದು ಅಂಗಡಿಯವರು ಕರೆಯುವ ಐದು ಮೀನುಗಳನ್ನೂ ತಂದೆ. ನಾನು ಚೊಕ್ಕಟದ ಮನುಷ್ಯ. ಎರಡು ದಿನಕ್ಕೊಮ್ಮೆ ನೀರನ್ನೆಲ್ಲ ಚೆಲ್ಲಿ, ಮರಳನ್ನೂ ಸೋಸುವ ಸ್ಪಂಜನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದು, ಬೋರಿನ ನೀರು ತುಂಬುತ್ತಿದ್ದೆ. ನೀರು ಸ್ಫಟಿಕದಂತಿತ್ತು. ಮೂರನೆಯ ವಾರ ನಾವು ಎರಡು ದಿನ ಊರಿಗೆ ಹೋಗಿಬರಬೇಕಾಯಿತು. ಮಗು ಹಸಿದಾವೆಂದು ಕೈತುಂಬ ಆಹಾರ ಸುರಿದು ಹೊರಟಿತು. ಹಿಂತಿರುಗಿದಾಗ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಮರುದಿನ ಬೆಳಗಿಗೆ ನಾಲ್ಕು ಸತ್ತಿದ್ದವು. ನೀರು ಮಾತ್ರ ಆಗಲೂ ತಿಳಿಯಾಗಿಯೇ ಇತ್ತು.

ರೋಗದ ಮೀನು ಕೊಟ್ಟರೆಂದು ಅಂಗಡಿಯವರನ್ನು ಬೈದುಕೊಳ್ಳುತ್ತಿದ್ದಾಗ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಬಂದರು. ಒಂದು ಗಾಜಿನ ನಳಿಕೆಯಲ್ಲಿ 5 ಮಿಲಿಲೀಟರು ನೀರು ಹಿಡಿದು, ಎರಡು ಸೀಸೆಗಳಿಂದ ಹನಿ ಹಾಕಿ ಅಲ್ಲಾಡಿಸಿ, ಐದು ನಿಮಿಷ ಸುಮ್ಮನೆ ಕುಳಿತರು. ಹಳದಿಯಾಗಿ ಉಳಿಯಬೇಕಾದ ನೀರು ಹಸುರಾಯಿತು. “ಪಂಡಿತರೆ, ನಿಮ್ಮ ನೀರು ತಿಳಿಯಾಗಿದೆ, ಆದರೆ ನಿಮಗೆ ತಿಳಿದಿಲ್ಲ” ಎಂದರು. ನನ್ನ ಅಸ್ತ್ರದಿಂದ ನನ್ನನ್ನೇ ಹೊಡೆದರು!

ಅವರು ಹೇಳಿದ್ದರ ಸಾರ ಇಷ್ಟು. ಮೀನು ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಹುಟ್ಟುತ್ತದೆ. ಅದು ಮೀನಿಗೆ ವಿಷ. ಮರಳಿನಲ್ಲೂ ಸ್ಪಂಜಿನಲ್ಲೂ ನೆಲೆಸುವ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟನ್ನಾಗಿಯೂ ನೈಟ್ರೈಟನ್ನು ನೈಟ್ರೇಟನ್ನಾಗಿಯೂ ಮಾರ್ಪಡಿಸುತ್ತವೆ. ನೈಟ್ರೈಟೂ ವಿಷವೇ. ಕೊನೆಯ ನೈಟ್ರೇಟು ಮಾತ್ರ ಅಷ್ಟು ಕ್ರೂರವಲ್ಲ. ಈ ಸೂಕ್ಷ್ಮಜೀವಿಗಳ ಸಂಸಾರ ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ನಾನೋ ಚೊಕ್ಕಟದ ಹೆಸರಿನಲ್ಲಿ ಆ ಸಂಸಾರವನ್ನೇ ದಿನ ಬಿಟ್ಟು ದಿನ ತೊಳೆದು ಚೆಲ್ಲುತ್ತಿದ್ದೆ.

ಇದರ ಮೇಲೆ ನಮ್ಮ ಸೀಮೆಯ ನೀರಿನ ಗುಣ ಬೇರೆ ಸೇರಿಕೊಂಡಿತ್ತು. ನೀರು ಆಮ್ಲವೋ ಕ್ಷಾರವೋ ಎಂಬುದನ್ನು ಅಳೆಯುವ ಅಂಕಕ್ಕೆ ಪಿ.ಎಚ್. ಎನ್ನುತ್ತಾರೆ. 7 ಎಂದರೆ ಎರಡೂ ಅಲ್ಲದ ಮಧ್ಯಸ್ಥಿತಿ, ಮೇಲೇರಿದಷ್ಟೂ ಕ್ಷಾರ. ನೀರಿನಲ್ಲಿರುವ ಅಮೋನಿಯವೆಲ್ಲವೂ ಒಂದೇ ಸಮ ವಿಷವಲ್ಲ. ನಮ್ಮ ಮನೆಗಳ ಉಷ್ಣತೆಯಲ್ಲಿ, ಪಿ.ಎಚ್. 7 ಇದ್ದಾಗ ನೂರರಲ್ಲಿ ಒಂದು ಪಾಲು ಕೂಡ ವಿಷರೂಪದಲ್ಲಿರುವುದಿಲ್ಲ, 8 ಆದಾಗ ಐದಾರು ಪಾಲು, 8.5 ಮುಟ್ಟಿದರೆ ಹದಿನೈದಕ್ಕೂ ಮಿಕ್ಕು. ನಮ್ಮ ಬೋರಿನ ನೀರು 8ನ್ನು ದಾಟಿತ್ತು. ಮೆದುನೀರಿನ ಊರಿನಲ್ಲಿ ಬದುಕಿ ಉಳಿಯಬಹುದಾಗಿದ್ದ ಮೀನು ಚಳ್ಳಕೆರೆಯಲ್ಲಿ ಸತ್ತದ್ದು ಹೀಗೆ.

ನಮ್ಮ ಹಿರಿಯರಿಗೆ ನೀರಿನ ಪರೀಕ್ಷೆ ಗೊತ್ತಿರಲಿಲ್ಲವೆಂದಲ್ಲ. ಬೇಳೆ ಬೇಯದಿದ್ದರೆ, ಸಾಬೂನು ನೊರೆ ಬಿಡದಿದ್ದರೆ, ಹಂಡೆಯ ತಳದಲ್ಲಿ ಬಿಳಿಯ ಹೆಕ್ಕಳೆ ಕಟ್ಟಿದರೆ ಅದು ಗಡಸು ನೀರು. ಅರಿಸಿನಕ್ಕೆ ಸುಣ್ಣ ಬೆರೆತರೆ ಆರತಿಯ ಓಕುಳಿ ಕೆಂಪಾಗುವುದು ಕ್ಷಾರದ ಪರೀಕ್ಷೆಯೇ ಸರಿ. ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ಅಂತರ್ಜಲದ ಕುರುಹುಗಳನ್ನು ಹೇಳುವ ಅಧ್ಯಾಯದಲ್ಲಿಯೇ ಬಾವಿಯ ನೀರನ್ನು ತಿಳಿಗೊಳಿಸಲು ಕತಕ, ಎಂದರೆ ಚಿಲ್ಲದ ಬೀಜ, ಸೇರಿದ ಚೂರ್ಣವನ್ನು ಹಾಕುವ ಕ್ರಮವಿದೆ. ಆದರೆ ಚಿಲ್ಲದ ಬೀಜ ತೇಲುವ ಮಣ್ಣನ್ನು ಕೆಳಗಿಳಿಸೀತು. ಕರಗಿದ ಅಮೋನಿಯದ ಗೊಡವೆಗೆ ಅದು ಹೋಗದು. ಕರಗಿದ್ದನ್ನು ಕಾಣಲು ಕಣ್ಣು ಸಾಲದು, ಹನಿಯ ಪರೀಕ್ಷೆಯೇ ಬೇಕು.

ಆದುದರಿಂದ ಮನೆಯಲ್ಲಿ ಮೀನು ಸಾಕುವವರಿಗೆ ನಾಲ್ಕು ಮಾತು. ಹನಿ ಹಾಕುವ ಪರೀಕ್ಷಾ ಪೆಟ್ಟಿಗೆ ದೊಡ್ಡ ಊರಿನ ಮೀನಿನ ಅಂಗಡಿಗಳಲ್ಲಿ ದೊರೆಯುತ್ತದೆ. ನೀರಿನಲ್ಲಿ ಅದ್ದುವ ಕಾಗದದ ಪಟ್ಟಿಗಿಂತ ಹನಿಯ ಪರೀಕ್ಷೆ ಹೆಚ್ಚು ನಂಬಿಕೆಯದು. ಹೊಸ ತೊಟ್ಟಿಯಾದರೆ ಮೊದಲ ಆರು ವಾರ ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ ನೋಡಬೇಕು. ಅಮೋನಿಯ ಸೊನ್ನೆ ಇರಬೇಕು, ನೈಟ್ರೈಟೂ ಸೊನ್ನೆ. ನೈಟ್ರೇಟು ಲೀಟರಿಗೆ 40 ಮಿಲಿಗ್ರಾಮಿನೊಳಗಿರಲಿ. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಮಾತ್ರ ಬದಲಿಸಿ. ಸ್ಪಂಜನ್ನು ನಲ್ಲಿಯಲ್ಲಿ ತೊಳೆಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಚಳ್ಳಕೆರೆ ಪಟ್ಟಣಕ್ಕೆ ವಾಣಿವಿಲಾಸ ಸಾಗರದ ನೀರು ಬರುತ್ತದಷ್ಟೆ. ಅಂಥ ನಲ್ಲಿನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಅನಂತರ ಉಪಯೋಗಿಸಿ.

ಉಳಿದ ಒಂದು ಮೀನನ್ನು ಮೊಮ್ಮಗಳು ಮೊಳಕಾಲ್ಮೂರಿಗೆ ಒಯ್ಯುವೆನೆಂದಳು. ಈ ಬಾರಿ ನಾನು ಮೊದಲು ಅಲ್ಲಿಯ ನೀರನ್ನು ಸೀಸೆಯಲ್ಲಿ ತರಿಸಿ ನೋಡಿದೆ. ಅಳಿಯಂದಿರ ಮನೆ ರೇಷ್ಮೆ ಸೀರೆ ನೇಯುವವರ ಕೇರಿಯಲ್ಲಿದೆ. ರೇಷ್ಮೆಯ ನೂಲನ್ನು ಸಾಬೂನಿನಲ್ಲಿ ಬೇಯಿಸಿ ಅಂಟು ತೆಗೆಯುವವರಿಗೆ ಗಡಸು ನೀರಿನ ಕಾಟ ಹೇಳಿಕೊಡಬೇಕಾಗಿಲ್ಲ. ಪಿ.ಎಚ್. ಎರಡೂ ಕಡೆ ಹೆಚ್ಚು ಕಡಿಮೆ ಒಂದೇ ಇತ್ತು. ಗಡಸು ಮಾತ್ರ ಬೇರೆ ಬೇರೆ. ಆದುದರಿಂದ ಹಳೆಯ ನೀರಿಗೆ ಹೊಸ ನೀರನ್ನು ಲೋಟ ಲೋಟವಾಗಿ, ಒಂದು ಗಂಟೆಯ ಕಾಲ ಬೆರೆಸುತ್ತ ಮೀನನ್ನು ಒಗ್ಗಿಸಿದೆವು. ಅದು ಉಳಿಯಿತು.

ಆ ಹೊತ್ತಿಗೆ ಮಗು ಕೇಳಿತು: “ತಾತ, ಮೀನಿನ ನೀರು ನೀನು ನೋಡ್ತೀಯ. ನಾವು ಕುಡಿಯೋ ನೀರು ಯಾರು ನೋಡ್ತಾರೆ?”

ನನ್ನ ಬಳಿ ಉತ್ತರವಿರಲಿಲ್ಲ. ಮಗುವಿನ ಹೊಸ ಹಲ್ಲುಗಳ ಮೇಲೆ ಸುಣ್ಣದ ಬಣ್ಣದ ಮಚ್ಚೆಗಳಿದ್ದುದನ್ನು ನಾನು ಆವರೆಗೆ ಕಂಡೂ ಕಾಣದಂತಿದ್ದೆ.

ನಮ್ಮ ಎರಡೂ ತಾಲ್ಲೂಕುಗಳು ಮಳೆ ಕಡಿಮೆಯ ಸೀಮೆ. ಕೊಳವೆ ಬಾವಿ ಆಳಕ್ಕಿಳಿದಂತೆ, ಗಟ್ಟಿ ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರು ಮೇಲೆ ಬರುತ್ತದೆ. ಬಂಡೆಯ ಖನಿಜಗಳಿಂದ ಫ್ಲೋರೈಡು ಅದರಲ್ಲಿ ಕರಗಿರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಗತಿಯಿಲ್ಲದಿದ್ದರೆ 1.5 ಎಂಬುದು ಭಾರತೀಯ ಮಾನಕದ ಮಿತಿ. ಅದನ್ನು ಮೀರಿದರೆ ಬೆಳೆಯುವ ಮಕ್ಕಳ ಹಲ್ಲು ಮಚ್ಚೆಗಟ್ಟುತ್ತದೆ. ವರ್ಷಗಟ್ಟಲೆ ಬಹಳವಾಗಿ ಮೀರಿದರೆ ಮೂಳೆ ಕೀಲುಗಳು ಬಿಗಿಯುತ್ತವೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೂ ಹೋಗುವುದಿಲ್ಲ, ನೀರು ಆವಿಯಾದಂತೆ ಇನ್ನಷ್ಟು ಗಟ್ಟಿಯಾದೀತು. ಮೀನಿನ ಪೆಟ್ಟಿಗೆಯ ಹನಿಗಳು ಇದನ್ನು ತೋರಿಸವು. ಮನುಷ್ಯನ ಹಲ್ಲು ಕೆಡಿಸುವಷ್ಟು ಫ್ಲೋರೈಡಿನಲ್ಲೂ ಮೀನು ಹಾಯಾಗಿ ಈಜುತ್ತಿರಬಹುದು. ಮೀನು ಬದುಕಿದೆಯೆಂದು ನೀರಿಗೆ ಯೋಗ್ಯತಾಪತ್ರ ಕೊಡುವುದು ಸಲ್ಲದು.

ಮಗಳ ಮನೆಯ ಬೋರಿನ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆವು. ಒಂದೂವರೆಯನ್ನು ಮೀರಿತ್ತು. ಅಂದಿನಿಂದ ಅವರು ಕುಡಿಯುವುದಕ್ಕೂ ಅಡಿಗೆಗೂ ಶುದ್ಧ ನೀರಿನ ಘಟಕದಿಂದ ಕ್ಯಾನು ತರುತ್ತಾರೆ. ಬೋರಿನ ನೀರು ಬಳಕೆಗೆ ಮಾತ್ರ. ಮಗುವಿನ ಹಲ್ಲಿನ ಮಚ್ಚೆ ಅಳಿಯಲಿಲ್ಲ. ಅವಳ ತಮ್ಮನಿಗೆ ಹಾಲುಹಲ್ಲು ಈಗ ಬೀಳುತ್ತಿವೆ. ಬರುವ ಹಲ್ಲು ಬೆಳ್ಳಗಿರಲೆಂಬುದು ನಮ್ಮ ಆಸೆ.

ಓದುಗರೆ, ನಿಮ್ಮ ಮನೆಯಲ್ಲಿ ಮೀನು ಇರಲಿ ಇಲ್ಲದಿರಲಿ, ನೀರಂತೂ ಇದೆ. ಗ್ರಾಮ ಪಂಚಾಯಿತಿಯಲ್ಲಿ ನೀರಿನ ಪರೀಕ್ಷಾ ಪೆಟ್ಟಿಗೆ ಇದೆಯೇ ಎಂದು ಕೇಳಿ. ಇಲ್ಲವಾದರೆ ಶುಚಿಯಾದ ಒಂದು ಲೀಟರಿನ ಸೀಸೆ ತುಂಬಿ ಜಿಲ್ಲೆಯ ಪ್ರಯೋಗಾಲಯಕ್ಕೆ ಮುಟ್ಟಿಸಿ. ಹೊಸ ಬೋರು ತೆಗೆಸಿದಾಗಲಂತೂ ತಪ್ಪದೆ ಮಾಡಿ. ಪಕ್ಕದ ಬೋರಿನ ಫಲಿತಾಂಶ ನಿಮ್ಮದಕ್ಕೆ ಸಲ್ಲದು. ತಿಳಿನೀರನ್ನು ಕಂಡು ಸುಮ್ಮನಿದ್ದ ತಪ್ಪಿಗೆ ನಾನು ನಾಲ್ಕು ಮೀನುಗಳನ್ನು ತೆತ್ತೆ. ನೀವು ನೀರನ್ನು ತಿಳಿದು ಕುಡಿಯಿರಿ.